ಹೆಸರು ಹೊತ್ತ ಬೆನ್ನು

ಸಾರ್ಜಿಮಾನನ ಬೆನ್ನಿಗೆ ಆ ಮಂಗಳವಾರ ವಕ್ಕರಿಸಿದ ಗ್ರಹಚಾರಕ್ಕೆಲ್ಲ ಆರೋಗ್ಯ ಕೇಂದ್ರದವರು ಹಂಚಿದ ಒಂದು ಹಾಳೆಯೇ ಕಾರಣ. ಅದರಲ್ಲಿ ಬೆನ್ನಿನ ಹನ್ನೆರಡು ಸ್ನಾಯುಗಳಿಗೆ ಡಾಕ್ಟರುಗಳು ಇಟ್ಟ ಹೆಸರುಗಳಿದ್ದವು. ಕ್ಲಾತೆನ್ ಊರಿನ ಮಾರುಕಟ್ಟೆಯಲ್ಲಿ ಚಾಪೆ ಹಾಸಿಕೊಂಡು ಮೈ ನೀವುವವರೆಲ್ಲ ಪರೀಕ್ಷೆಗೆ ಬಂದು, ಒಂದೊಂದನ್ನೂ ಮುಟ್ಟಿ ಹೆಸರು ಹೇಳಬೇಕಿತ್ತು. ಹೇಳದವರ ಚಾಪೆ ಮುಂದಿನ ತಿಂಗಳಿಂದ ಎತ್ತಂಗಡಿ.

ಸಾರ್ಜಿಮಾನನ ಹೆಂಡತಿ ಪಾರ್ತಿಯೆಮ್ ಮೂವತ್ತು ವರ್ಷದಿಂದ ಅದೇ ಮೂಲೆಯಲ್ಲಿ ಮೈ ನೀವುತ್ತಿದ್ದವಳು. ಸೊಂಟ ಹಿಡಿದು ಬಂದವರು ಅವಳ ಚಾಪೆಯಿಂದ ಎದ್ದು ನೆಟ್ಟಗೆ ನಡೆದುಹೋಗುತ್ತಿದ್ದರು. ಆದರೆ ಹೆಸರುಗಳು? ಒಂದು ವಾರ ಉರು ಹೊಡೆದರೂ ಒಂದೂ ನಾಲಿಗೆಗೆ ಹತ್ತಲಿಲ್ಲ.

"ಟ್ರೆಪೀ... ಟ್ರೆಪೀ... ಯಾರ ಮನೆ ಮಗು ಇದು, ಹೀಗೆ ಹೆಸರಿಟ್ಟವ್ರೆ?" ಎಂದು ಹಾಳೆಯನ್ನು ಮಡಚಿಟ್ಟು ಅಡುಗೆಮನೆಗೆ ಹೋಗಿಬಿಟ್ಟಳು. ಅವಳು ಅಲ್ಲಿ ಅಳುತ್ತಿದ್ದಳೆಂಬುದು ಗಂಡನಿಗೆ ಗೊತ್ತಾಯಿತು. ಸೈಕಲ್ ರಿಕ್ಷಾ ತುಳಿಯುವ ಅವನಿಗೆ ಅವಳ ಅಳು ಕೇಳಿಸಿಕೊಳ್ಳುವಷ್ಟು ಗಟ್ಟಿ ಎದೆ ಇರಲಿಲ್ಲ.

ಪರೀಕ್ಷೆಗೆ ಮಲಗುವ ಆಳನ್ನು ಅವರವರೇ ಕರೆತರಬೇಕೆಂಬ ನಿಯಮವಿತ್ತು. ಮಲಗುವವನು ತಾನೇ ತಾನೆ! ಪರೀಕ್ಷೆಯ ದಿನ ಬೆಳಗ್ಗೆ ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಸಾರ್ಜಿಮಾನ್ ಪಕ್ಕದ ಮನೆಯ ಬು ಹಸ್ತುತಿಯವರ ಬಾಗಿಲು ತಟ್ಟಿದ. ಆ ಊರಲ್ಲಿ ಹೆಂಗಸರಿಗೆ 'ಬು', ಗಂಡಸರಿಗೆ 'ಪಾಕ್' ಎನ್ನುವುದು ಮರ್ಯಾದೆ. ಇವರು ಭೂಗೋಳದ ನಿವೃತ್ತ ಮೇಷ್ಟ್ರಮ್ಮ, ಮುತ್ತಿನಂಥ ಅಕ್ಷರ. ಹಾಳೆ ಹೆಂಡತಿಯ ಹತ್ತಿರವಿದ್ದರೇನು, ಅವರ ಗೋಡೆಯ ಮೇಲೆ ಶಾಲೆಯಿಂದ ತಂದ ಮಾನವ ದೇಹದ ಚಿತ್ರಪಟವೂ ಇತ್ತು.

"ನನ್ನ ಬೆನ್ನ ಮೇಲೆ ಬರೆದುಬಿಡಿ ಬು. ಅಂಗಿ ಎತ್ತಿದ್ ತಕ್ಷಣ ಅವಳಿಗೆ ಕಾಣ್ಬೇಕು. ಮುಂಚೆನೇ ಹೇಳಿದ್ರೆ ಒಪ್ಪಲ್ಲ, ಮೋಸ ಅಂತಾಳೆ."

"ಮೋಸ ಅಲ್ದೆ ಇನ್ನೇನು?" ಎನ್ನುತ್ತಲೇ ಬು ಹಸ್ತುತಿ ಪೆನ್ನು ತೆಗೆದರು. ಊಟದ ಮನೆಗಳಿಗೆ ಎರವಲು ಕೊಡುವ ತಟ್ಟೆಗಳ ತಳಕ್ಕೆ ಹೆಸರು ಬರೆಯುವ ಪೆನ್ನು ಅದು. ಹತ್ತು ಸಲ ತಿಕ್ಕಿದರೂ ಹೋಗದು. "ಅಲುಗಾಡ್ಬೇಡಿ ಪಾಕ್! ಕಾಗುಣಿತ ತಪ್ಪುತ್ತೆ."

ಸಾರ್ಜಿಮಾನನಿಗೆ ಕಚಗುಳಿ. ದಿಂಬು ಕಚ್ಚಿಕೊಂಡು ಬಿದ್ದುಕೊಂಡ. ಮೇಷ್ಟ್ರಮ್ಮ ನಕ್ಷೆಯಲ್ಲಿ ಊರುಗಳ ಹೆಸರು ಬರೆದಂತೆ ಚಿತ್ರಪಟ ನೋಡಿ ನೋಡಿ ಹನ್ನೆರಡು ಹೆಸರು ಬರೆದರು.

ಪರೀಕ್ಷೆಯ ಹಾಲ್‌ಗೆ ಹೆಂಡತಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ತುಳಿದದ್ದಾಯಿತು. ಬೆವರಿಗೆ ಅಂಗಿ ಬೆನ್ನಿಗಂಟಿತು. ಬಾಗಿಲಲ್ಲಿ ಚಹಾ ಮಾರುತ್ತಿದ್ದ ಅವನ ಅಕ್ಕ ಕಾರ್ಸಿಯೆಮ್ ಅವನ ಮುಖ ನೋಡಿದ್ದೇ, "ಮೈಯಲ್ಲಿ ಗಾಳಿ ಹೊಕ್ಕೈತೆ! ಅಂಗಿ ಬಿಚ್ಚೋ, ಕಾಸಲ್ಲಿ ಬೆನ್ನು ಗೀರಿ ಗಾಳಿ ಬಿಡಿಸ್ತೀನಿ," ಎಂದು ನಾಣ್ಯ, ಮುಲಾಮು ಹಿಡಿದು ಎದ್ದೇ ಬಿಟ್ಟಳು.

"ಬ್ಯಾಡಕ್ಕಾ, ಚೆನ್ನಾಗಿದೀನಿ!"

"ಬೆನ್ನು ಗೀರ್ಸ್ಕೊಳ್ಳಲ್ಲ ಅನ್ನೋನು ಚೆನ್ನಾಗಿರ್ತಾನೇನೋ?" ಅಂಗಿಯ ತುದಿ ಹಿಡಿದು ಎಳೆದಳು. ಒಂದು ಗುಂಡಿ ಅಕ್ಕನ ಕೈಯಲ್ಲಿ ಉಳಿಯಿತು. ತಮ್ಮ ಒಳಗೆ ಓಡಿದ.

ಡಾಕ್ಟರು ದೂರದ ಮೇಜಿನ ಹಿಂದೆ ಅಂಕಪಟ್ಟಿ ಹಿಡಿದು ಕುಳಿತಿದ್ದರು. ಸಾರ್ಜಿಮಾನ್ ಬೋರಲಾಗಿ ಮಲಗಿದ. ಪಾರ್ತಿಯೆಮ್ ಬಿಸ್ಮಿಲ್ಲಾ ಎಂದು ಅಂಗಿ ಮೇಲೆತ್ತಿದಳು. ಅವಳ ಹೆಬ್ಬೆರಳು ಹೆಗಲ ಮೇಲೆ ಕೂತಿತು. ಈಗ ಓದುತ್ತಾಳೆ, ಈಗ ಓದುತ್ತಾಳೆ ಎಂದು ಅವನು ಉಸಿರು ಬಿಗಿಹಿಡಿದ.

"ಇದರ ಹೆಸರು?" ಡಾಕ್ಟರು ಕೇಳಿದರು.

"ಇದು ಹೊರೆ ಹೊರೋನು ಡಾಕ್ಟ್ರೇ. ನಮ್ಮತ್ತೆ ಹಾಸಿಗೆ ಹಿಡಿದಾಗ ಎರಡು ವರ್ಷ ಇವರೇ ಎತ್ತಿ ಇಳಿಸಿದ್ರಲ್ಲ, ಆಗಿಂದ ಹಿಂಗೇ ಗಟ್ಟಿ." ಬೆರಳು ಕೆಳಗೆ ಸರಿಯಿತು. "ಇದು ಮಾತಾಡದೋನು. ಮಗು ತೀರ್ಕೊಂಡ ವರ್ಷ ಇವರು ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಎಲ್ಲಾ ಇಲ್ಲಿ ಇಟ್ಕೊಂಡ್ರು."

ಸಾರ್ಜಿಮಾನನ ಮುಖದಡಿಯ ಬಟ್ಟೆ ಒದ್ದೆಯಾಯಿತು. ಯಾವತ್ತೋ ಬರಬೇಕಿದ್ದ ಅಳು ಈಗ ಬಂತು. ಆದರೂ ಮನಸ್ಸಿನೊಳಗೆ ಕೂಗುತ್ತಲೇ ಇದ್ದ: ಓದೇ ಮಾರಾಯ್ತಿ, ಅಲ್ಲೇ ಬರೆದಿದೆ!

"ಬು, ಸ್ವಲ್ಪ ಕಣ್ಣು ಬಿಟ್ಟು ಹೇಳಿ," ಎಂದರು ಡಾಕ್ಟರು.

"ಕಣ್ಣು ಬಿಟ್ರೆ ಕೈಗೆ ಏನೂ ಕಾಣಲ್ಲ ಡಾಕ್ಟ್ರೇ. ಮೊದಲಿಂದ್ಲೂ ಹಿಂಗೇ."

ಮೂವತ್ತು ವರ್ಷ ಗುರುವಾರ ಗುರುವಾರ ಅವಳ ಕೈಕೆಳಗೆ ಬೋರಲು ಮಲಗಿದವನಿಗೆ ಈ ಸಂಗತಿ ಹೇಗೆ ಗೊತ್ತಾಗಬೇಕು?

ಕುರ್ಚಿ ಸರಿದ ಸದ್ದಾಯಿತು. ಡಾಕ್ಟರು ಬಂದು ಪಕ್ಕದಲ್ಲಿ ನಿಂತರು. ಬಾಗಿ ಬೆನ್ನನ್ನು ಓದಿದರು.

"ಇದನ್ನ ಬರೆಸಿದ್ದು ಯಾರು?"

"ನಾನೇ ಡಾಕ್ಟ್ರೇ," ಎಂದ ಸಾರ್ಜಿಮಾನ್, ಮುಖವೆತ್ತದೆ. "ಅವಳಿಗೆ ಏನೂ ಗೊತ್ತಿಲ್ಲ."

"ಗೊತ್ತಿಲ್ಲದ್ದೇ ಒಳ್ಳೇದಾಯ್ತು. ಚಿತ್ರಪಟದಲ್ಲಿ ಎದುರು ನಿಂತವನನ್ನ ನೋಡಿ ಬರೆದಿದಾರೆ. ಇಲ್ಲಿರೋದು ಎದೆ, ಇದು ಹೊಟ್ಟೆ. ಪಾಕ್, ನೀವು ಹಿಂದೆ ಮುಂದೆ ಎರಡೂ ಕಡೆ ಹೊಟ್ಟೆ ಇಟ್ಕೊಂಡಿದೀರಿ."

ಡಾಕ್ಟರು ನಗಲಿಲ್ಲ. ಅವಳು ಓದಿಲ್ಲವಾದ್ದರಿಂದ ಮೋಸವಿಲ್ಲ, ಕೈಗೆ ಪೂರ್ತಿ ಅಂಕ, ಹೆಸರಿಗೆ ಸೊನ್ನೆ, ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ, ಅಲ್ಲಿಯವರೆಗೆ ಚಾಪೆ ಹಾಸುವಂತಿಲ್ಲ ಎಂದು ಚೀಟಿ ಬರೆದುಕೊಟ್ಟರು. ಬರೆಯುವಾಗ ಅವರಿಗೂ ಬೇಸರವಾದಂತಿತ್ತು.

ಮನೆ ಮುಂದೆ ಇಳಿದ ಮೇಲೆ ಪಾರ್ತಿಯೆಮ್ ಒಂದೇ ಮಾತು ಕೇಳಿದಳು. "ನನ್ನ ಕೈ ಮೇಲೆ ನಿಮಗೂ ನಂಬಿಕೆ ಇರ್ಲಿಲ್ವಾ?"

ಅವನು ಅಂಗಿ ಬಿಚ್ಚಿ ಜಗಲಿಯ ಮೇಲೆ ಅವಳಿಗೆ ಬೆನ್ನು ಕೊಟ್ಟು ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಅವಳು ಸೋಪು, ತೆಂಗಿನ ನಾರು ತಂದು ತಿಕ್ಕತೊಡಗಿದಳು. ಈ ಸಲ ಕಣ್ಣು ಬಿಟ್ಟೇ ಇದ್ದಳು. "ಇಲ್ಲೊಂದು ಮಚ್ಚೆ ಐತಲ್ರೀ! ನೋಡೇ ಇರ್ಲಿಲ್ಲ," ಎಂದು ನಕ್ಕಳು. ತಿಕ್ಕುತ್ತಾ ಒಂದೊಂದೇ ಹೆಸರು ಓದಿದಳು. ಮಸಿ ಹೋಗಲಿಲ್ಲ, ಸಂಜೆಯಾಗುವಷ್ಟರಲ್ಲಿ ಹನ್ನೆರಡೂ ಅವಳಿಗೆ ಬಾಯಿಪಾಠವಾಗಿದ್ದವು.

"ಎದೆ, ಹೊಟ್ಟೆದಾದ್ರೂ ಬಂತಲ್ಲ!" ಎಂದು ಸಾರ್ಜಿಮಾನ್ ಹಿಗ್ಗಿದ. "ಮುಂದಿನ ಸಲ ಅದನ್ನೇ ಕೇಳ್ಲಿ ಅಂತ ದೇವರನ್ನ ಬೇಡ್ಕೊಳೋಣ."

ಅಷ್ಟರಲ್ಲಿ ಬು ಹಸ್ತುತಿ ಬಂದು ಡಾಕ್ಟರ ಚೀಟಿ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ಓದಿದರು. "ಮುಂದಿನ ಸಲ ಸೊಂಟದಿಂದ ಕಾಲ್ಬೆರಳವರೆಗೆ, ಎಲ್ಲಾ ಕೀಲುಗಳ ಹೆಸರು," ಎಂದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು. "ಈ ಸಲ ಸರಿಯಾಗಿ ನೋಡಿ ಬರೀತೀನಿ ಪಾಕ್. ಲುಂಗಿ ಸ್ವಲ್ಪ ಮೇಲೆತ್ತಿ."