ಹೊಂಗೆ ಮರಕ್ಕೆ ನಾನಿಟ್ಟ ಕೆಂಪು ಗುರುತು

ಈ ವರ್ಷ ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಬಾಯಲ್ಲಿಟ್ಟುಕೊಂಡೇ ನಾನೊಂದು ಪ್ರತಿಜ್ಞೆ ಮಾಡಿದೆ: ಇನ್ನು ಮುಂದೆ ಕೋಪ ಮಾಡಿಕೊಳ್ಳುವುದಿಲ್ಲ. ಹದಿನಾಲ್ಕು ವರ್ಷದಿಂದ ಮಲ್ಲೇಶ್ವರದ ಒಂದು ವಾರಪತ್ರಿಕೆಯಲ್ಲಿ ಅಂಕಣ ಬರೆಯುತ್ತಿದ್ದೇನೆ. ಪತ್ರಿಕೋದ್ಯಮ ಓದಿದವನಲ್ಲ, ಯಾರ ಶಿಷ್ಯನೂ ಅಲ್ಲ. ಕೋಪವೇ ನನ್ನ ಗುರು, ಕೋಪವೇ ಬಂಡವಾಳ. ಗುಂಡಿ ಬಿದ್ದ ರಸ್ತೆ, ನೆಲ ಕಾಣದ ಫುಟ್‌ಪಾತು, ಬೀದಿದೀಪದ ಕಂಬದಲ್ಲಿ ಹಲ್ಲು ಕಿರಿಯುವ ಫ್ಲೆಕ್ಸು, ಯಾವುದನ್ನೂ ಬಿಟ್ಟವನಲ್ಲ. ಇವೆಲ್ಲ ಹಾಗೆಯೇ ಉಳಿದವು. ನನ್ನ ರಕ್ತದೊತ್ತಡ ಮಾತ್ರ ಏರಿತು.

ಆದ್ದರಿಂದ ಪ್ರಕೃತಿಗೆ ಶರಣಾಗುವುದೆಂದು ತೀರ್ಮಾನಿಸಿದೆ. ಒಂದೇ ಮರ, ಒಂದೇ ಜಾಗ, ಬೆಳಗಿನ ಏಳು ಗಂಟೆ, ದಿನಕ್ಕೊಂದು ಫೋಟೋ. ವರ್ಷ ಮುಗಿಯುವ ಹೊತ್ತಿಗೆ ಆರು ಋತುಗಳೂ ಸಾಲಾಗಿ ಬಂದು ನನ್ನ ಫೋನಿನಲ್ಲಿ ಕೂತಿರಬೇಕು!

ಇದನ್ನು ಹೆಂಡತಿ ರುದ್ರಾಣಿಗೆ ಗಂಭೀರವಾಗಿ ತಿಳಿಸಿದೆ. ಅವಳು ಕಬ್ಬಿನ ತುಂಡು ಸಿಗಿಯುತ್ತಾ ಕೇಳಿದಳು, "ನಾನು ಕನ್ನಡಕ ಬದಲಾಯಿಸಿ ನಾಲ್ಕು ತಿಂಗಳಾಯ್ತು. ಗೊತ್ತಾಯ್ತಾ ನಿಮಗೆ?"

ನೋಡಿದೆ. ಹೌದು, ಫ್ರೇಮು ನೀಲಿಯಾಗಿತ್ತು.

"ಕಲಾವಿದನಿಗೆ ದೂರದೃಷ್ಟಿ ಇರತ್ತೆ ಕಣೆ."

"ಇರಲಿ ಬಿಡಿ. ಅದಕ್ಕೇ ಎದುರಿಗಿರೋದು ಕಾಣಲ್ಲ."

ನಾನು ಆರಿಸಿಕೊಂಡ ಮರ ನಮ್ಮ ಅಡ್ಡರಸ್ತೆಯ ಹೊಂಗೆ. ನಮ್ಮ ಗೇಟಿಗೆ ನೇರ ಎದುರು, ಬಸವಪ್ರಭು ಅವರ ಮನೆ ಮುಂದೆ ಅದು ನಿಂತಿದೆ. ಬಸವಪ್ರಭು ಪೇಟೆಯಲ್ಲಿ ಅಜ್ಜನ ಕಾಲದಿಂದ ಬಂದ ಬಟ್ಟೆ ಅಂಗಡಿ ನಡೆಸುವವರು, ನಮ್ಮ ರಸ್ತೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಮರದ ಕೆಳಗೆ ಪುಟ್ಟಯ್ಯನ ಇಸ್ತ್ರಿ ಗಾಡಿ. ಇಪ್ಪತ್ತಾರು ವರ್ಷದಿಂದ ಅವನು ಶ್ರೀರಾಂಪುರದಿಂದ ನಡೆದು ಬಂದು, ಏಳಕ್ಕೆ ಮುಂಚೆ ಇದ್ದಿಲು ಹೊತ್ತಿಸಿ, ಆ ನೆರಳಲ್ಲೇ ನಮ್ಮೆಲ್ಲರ ಸುಕ್ಕು ಬಿಡಿಸುತ್ತಿದ್ದಾನೆ.

ಆದರೆ ಪ್ರಕೃತಿಯಲ್ಲಿ ಇಸ್ತ್ರಿ ಗಾಡಿ ಇರಕೂಡದು. ಇದು ನನ್ನ ಕಲಾನಿಯಮ. ಆದ್ದರಿಂದ ದಿನಾ ಏಳು ಗಂಟೆಗೆ ಫೋನ್ ಹಿಡಿದು ಗೇಟಿನ ಬಳಿ ನಿಂತು ಕೂಗುತ್ತಿದ್ದೆ, "ಪುಟ್ಟಯ್ಯ, ಸ್ವಲ್ಪ ಆ ಕಡೆ ಸರೀಪ್ಪ."

ಅವನು ಕೆಂಡ ತುಂಬಿದ ಪೆಟ್ಟಿಗೆ, ಮಡಿಸಿದ ಬಟ್ಟೆಗಳ ಸಮೇತ ಗಾಡಿಯನ್ನು ಆ ಕಡೆಗೆ ತಳ್ಳುತ್ತಿದ್ದ. ನಾನು ಒಂದು ಫೋಟೋ ಹೊಡೆಯುತ್ತಿದ್ದೆ. ಅವನು ಮತ್ತೆ ಈ ಕಡೆಗೆ ತಳ್ಳುತ್ತಿದ್ದ. ಬೀದಿಬದಿಯಲ್ಲಿ ದುಡಿಯುವವರನ್ನು ಎತ್ತಂಗಡಿ ಮಾಡುವವರ ವಿರುದ್ಧ ನಾನು ಒಂಬತ್ತು ಅಂಕಣ ಬರೆದಿದ್ದೇನೆ. ಅದು ಬೇರೆ ವಿಷಯ ಎಂದು ಆಗ ಅನ್ನಿಸಿತ್ತು.

ಮೂರನೇ ದಿನ ಒಂದು ತೊಡಕು ಬಂತು. ಮೊದಲನೇ ಫೋಟೋದಲ್ಲಿ ಮರ ಎಡಕ್ಕೆ ವಾಲಿತ್ತು, ಎರಡನೆಯದರಲ್ಲಿ ಬಲಕ್ಕೆ. ಮರ ಓಡಾಡುತ್ತಿರಲಿಲ್ಲ, ನನ್ನ ಕೈ ಓಡಾಡುತ್ತಿತ್ತು. ಇದಕ್ಕೊಂದು ಕೇಂದ್ರಬಿಂದು ಬೇಕು ಎಂದುಕೊಂಡು, ದೀಪಾವಳಿಗೆ ಗೇಟಿಗೆ ಹೊಡೆದು ಮಿಕ್ಕಿದ್ದ ಕೆಂಪು ಬಣ್ಣದ ಡಬ್ಬಿ ತೆಗೆದೆ. ಪುಟ್ಟಯ್ಯ ಡಬ್ಬಿ ಹಿಡಿದುಕೊಂಡ. ನಾನು ಕಾಂಡದ ಮೇಲೆ ಅಂಗೈಯಗಲದ ಒಂದು ಪ್ಲಸ್ ಗುರುತು ಬರೆದೆ.

"ಇದು ಏನಕ್ಕೆ ಸಾರ್?"

"ಇದು ಫೋಟೋದ ನಟ್ಟನಡುವೆ ಬಂದ್ರೆ ಮರ ನೆಟ್ಟಗಿದೆ ಅಂತ. ಒಂದು ದಿನಾನೂ ತಪ್ಪಬಾರದು ಪುಟ್ಟಯ್ಯ. ತಪ್ಪಿದ್ರೆ ಋತುಚಕ್ರ ತುಂಡಾಗೋಗತ್ತೆ."

ಅವನು ತಲೆಯಾಡಿಸಿದ. ಎರಡು ಹನಿ ಬಣ್ಣ ಅವನ ಗಾಡಿಯ ಚಕ್ರಕ್ಕೂ ಒಂದು ಹನಿ ನನ್ನ ಪಂಚೆಗೂ ಬಿತ್ತು. ನಮ್ಮೂರಲ್ಲಿ ಮರದ ಮೇಲೆ ಕೆಂಪು ಬಣ್ಣ ಕಂಡರೆ ಜನರ ಎದೆ ಧಸಕ್ಕೆನ್ನುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಅದರ ಬಗ್ಗೆಯೂ ಹಿಂದೆ ಅಂಕಣ ಬರೆದಿದ್ದೆ.

ಒಂದು ತಿಂಗಳು ಏನೂ ಆಗಲಿಲ್ಲ. ಗಾಡಿಯ ಮರೆಯಲ್ಲಿದ್ದ ಗುರುತು ಯಾರ ಕಣ್ಣಿಗೂ ಬೀಳಲಿಲ್ಲ. ಮೂವತ್ತು ಫೋಟೋಗಳೂ ಒಂದೇ ಫೋಟೋದಂತಿದ್ದವು. ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಎಲೆಗಳು ಹಳದಿಯಾಗಿ ಒಂದೊಂದೇ ಉದುರತೊಡಗಿದವು. ಅಂತೂ ಶಿಶಿರ ನಮ್ಮ ರಸ್ತೆಯ ವಿಳಾಸ ಹುಡುಕಿಕೊಂಡು ಬಂತು ಎಂದು ಹಿಗ್ಗಿದೆ. ಅಷ್ಟರಲ್ಲಿ ಓಕಳಿಪುರದ ತಂಗಿಯ ಮನೆಯಲ್ಲಿ ಮೊಮ್ಮಗುವಿನ ನಾಮಕರಣವೆಂದು ಎರಡು ದಿನ ಹೋಗಬೇಕಾಯಿತು.

ಅಲ್ಲಿ ಪಾಯಸಕ್ಕೆ ಕೈ ಹಾಕಿದ್ದಾಗ ರಸ್ತೆಯ ವಾಟ್ಸಾಪ್ ಗುಂಪಿಗೆ ಬಸವಪ್ರಭು ಅವರ ಸಂದೇಶ ಬಂತು. "ನಮ್ಮ ಮನೆ ಮುಂದಿನ ಮರಕ್ಕೆ ಯಾರೋ ಗುರುತು ಹಾಕಿದಾರೆ. ಕಡಿಯೋ ಹುನ್ನಾರ. ಎಲ್ರೂ ಎಚ್ಚರವಾಗಿರಿ."

ಹುನ್ನಾರ ಎಂಬ ಪದ ಕಂಡರೆ ನನ್ನ ನೆತ್ತಿ ಕಾಯುತ್ತದೆ, ನೆತ್ತಿ ಕಾದಾಗ ಜ್ಞಾಪಕಶಕ್ತಿ ರಜೆ ಹಾಕುತ್ತದೆ. ಮೇಲಾಗಿ ಅವರು ಬರೆದದ್ದು "ನಮ್ಮ ಮನೆ ಮುಂದಿನ ಮರ" ಎಂದು. ನನ್ನ ಮನಸ್ಸಿನಲ್ಲಿ ಅದು ನನ್ನ ಮರವಾಗಿ ತಿಂಗಳಾಗಿತ್ತು. ಎರಡೂ ಒಂದೇ ಎಂದು ನನಗೆ ತಟ್ಟಲಿಲ್ಲ. ಪಾಯಸ ಪಕ್ಕಕ್ಕಿಟ್ಟೆ. ರೈಲು ಹೋಗುವ ಸದ್ದಿನಲ್ಲಿ ಮೂಲೆಗೆ ಕೂತು, ಸಂಕ್ರಾಂತಿಯ ಪ್ರತಿಜ್ಞೆಯನ್ನು ಮುರಿದು, ಇಪ್ಪತ್ತೇ ನಿಮಿಷದಲ್ಲಿ ಅಂಕಣ ಬರೆದು ಕಳಿಸಿದೆ. ತಲೆಬರಹ: "ಬಣ್ಣ ಬಳಿದ ಕೈಗೆ ಬೇಡಿ ಬೀಳಲಿ". ಆ ಪಾಪಿ ಯಾರೇ ಆಗಿರಲಿ, ಅವನನ್ನು ಅದೇ ಮರದ ಕೆಳಗೆ ನಿಲ್ಲಿಸಿ ಕೇಳಬೇಕು ಎಂದು ಕೊನೆಯ ಸಾಲು. ಮರುದಿನವೇ ಅಚ್ಚಾಯಿತು.

ನಾನು ಆಟೋ ಇಳಿಯುವಾಗ ಮರದ ಕೆಳಗೆ ಮೂವತ್ತು ಜನ, ಒಂದು ಬ್ಯಾನರು, ಒಂದು ಮೈಕು. ಬಸವಪ್ರಭು ಕೈಮುಗಿದು ಬಂದರು. "ಬನ್ನಿ ಈಶ್ವರ್, ನಿಮ್ಮನ್ನೇ ಕಾಯ್ತಿದೀವಿ. ಏನ್ ಬರೆದಿದೀರಿ ರೀ! ಓದಿ ಮೈ ಉರೀತು."

ನಾನು ಕಾಂಡದ ಕಡೆ ನೋಡಿದೆ. ನನ್ನ ಮೈಯೂ ಉರಿಯಿತು. ನನ್ನ ಕೈಬರಹ ನನಗೆ ತಿಳಿಯದೇ? ಪ್ಲಸ್ಸಿನ ಅಡ್ಡಗೆರೆಯ ಬಲತುದಿ ಸ್ವಲ್ಪ ಕೆಳಗಿಳಿದಿತ್ತು. ಅಲ್ಲಿ ನನಗೆ ಸೀನು ಬಂದಿತ್ತು.

ಪುಟ್ಟಯ್ಯ ಗಾಡಿಯ ಹಿಂದೆ ಯಾರದೋ ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಿದ್ದ. ತಲೆಯೆತ್ತಿ ನನ್ನನ್ನೊಮ್ಮೆ ನೋಡಿದ. ಮತ್ತೆ ಕಾಲರಿನ ಮೇಲೆ ಪೆಟ್ಟಿಗೆ ಒತ್ತಿದ. ಚುಯ್ ಎಂದಿತು.

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಎದುರಿಗೆ ಮೈಕಿತ್ತು. ತೆರೆದ ಬಾಯಿಂದ ಭಾಷಣ ಬಂತು.

ಆಮೇಲಿನ ಒಂಬತ್ತು ದಿನ ನನಗೆ ಹಗಲಾವುದು ಬೈಗಾವುದು ತಿಳಿಯಲಿಲ್ಲ. ನನ್ನನ್ನು ಹುಡುಕುವ ಸಮಿತಿಗೆ ನಾನೇ ಸಂಚಾಲಕ! ಬೆಳಗ್ಗೆ ಆರಕ್ಕೆ ಸರದಿ ಕಾವಲು, ಏಳಕ್ಕೆ ನನ್ನ ಭಾಷಣ. ಮರದ ಕಡೆ ಫೋನ್ ಎತ್ತಿದವರನ್ನು ತಡೆದು ವಿಚಾರಿಸಬೇಕು ಎಂದು ಉತ್ಸಾಹದಲ್ಲಿ ನಾನೇ ಸೂಚಿಸಿದೆ. ಸರ್ವಾನುಮತದಿಂದ ಒಪ್ಪಿದರು. ಅಲ್ಲಿಗೆ ನನ್ನ ಫೋಟೋ ವ್ರತ ಮುಗಿಯಿತು.

ಇತ್ತ ಎಲೆಯೆಲ್ಲ ಉದುರಿ ಮರ ಬೋಳಾಯಿತು. "ಬುಡಕ್ಕೆ ವಿಷ ಹಾಕಿದಾರೆ" ಎಂದರು ಬಸವಪ್ರಭು.

ರಸ್ತೆ ಗುಡಿಸುವ ಮುನಿಯಕ್ಕ ಪೊರಕೆ ನಿಲ್ಲಿಸಿ ಹೇಳಿದಳು, "ಪ್ರತಿ ವರ್ಷ ಶಿವರಾತ್ರಿ ಸುಮಾರಿಗೆ ಉದುರತ್ತೆ ಸ್ವಾಮಿ. ಗುಡಿಸೋಳು ನಾನು. ನಂಗೊತ್ತಿಲ್ವಾ?"

"ನೀನು ಸುಮ್ಮನಿರಮ್ಮ, ಇದು ವಿಜ್ಞಾನದ ವಿಷಯ" ಎಂದರು. ಹೇಳಿದವರ ಪೈಕಿ ನಾನೂ ಒಬ್ಬ.

ಒಂಬತ್ತನೇ ದಿನ, ಶನಿವಾರ, ಯಾರೋ ಗಾಡಿಯ ಚಕ್ರದ ಮೇಲಿದ್ದ ಎರಡು ಹನಿ ಕೆಂಪು ಬಣ್ಣ ಕಂಡುಹಿಡಿದರು. ಅಷ್ಟು ಸಾಕಾಯಿತು. ಇದ್ದಿಲಿನ ಕಾವಿಗೆ ಬೇರು ಸುಟ್ಟಿದೆ, ಗುರುತು ಹಾಕಿದವನೂ ಇವನೇ, ಯಾರದೋ ಕೈವಾಡ ಇದೆ. ಭಾನುವಾರ ಎಲ್ಲರೂ ಸಹಿ ಮಾಡಿ ಗಾಡಿ ಎತ್ತಿಸುವುದೆಂದು ತೀರ್ಮಾನವಾಯಿತು. ಪುಟ್ಟಯ್ಯನನ್ನು ಕೇಳಿದರೆ, "ಮರಕ್ಕೆ ನಾನೇನೂ ಮಾಡಿಲ್ಲ ಸಾರ್" ಎಂದಷ್ಟೇ ಹೇಳಿದ. ನನ್ನ ಹೆಸರೆತ್ತಲಿಲ್ಲ.

ಮನೆಗೆ ಬಂದರೆ ರುದ್ರಾಣಿ ಪಂಚೆ ಹಿಡಿದು ನಿಂತಿದ್ದಳು. "ರೀ, ಇದೇನು ಕಲೆ?"

"ಕುಂಕುಮ ಇರ್ಬೇಕು."

"ಕುಂಕುಮ ಒಗೆದ್ರೆ ಹೋಗತ್ತೆ. ಇದು ನಮ್ಮ ಗೇಟಿನ ಬಣ್ಣ."

ನಾನು ಸೀಲಿಂಗ್ ಫ್ಯಾನಿನ ಸೌಂದರ್ಯವನ್ನು ಗಮನಿಸತೊಡಗಿದೆ.

"ನಾಳೆ ಪುಟ್ಟಯ್ಯನ ಗಾಡಿ ಎತ್ತಿಸೋ ಕಾಗದದಲ್ಲಿ ಮೊದಲನೇ ಸಹಿ ನಿಮ್ಮದಂತೆ" ಎಂದಳು. "ಹಾಕಿ ಬನ್ನಿ. ಊಟಕ್ಕೆ ಮಾತ್ರ ಬಸವಪ್ರಭು ಅವರ ಮನೆಗೇ ಹೋಗಿ."

ಭಾನುವಾರ ಬೆಳಗ್ಗೆ ಮರದ ಕೆಳಗೆ ಕಾಗದ ನನ್ನ ಮುಂದೆ ಬಂತು. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಪುಟ್ಟಯ್ಯ ಎಲ್ಲರ ಬಟ್ಟೆ ಅವರವರಿಗೆ ಹಿಂತಿರುಗಿಸಿ, ಪೆಟ್ಟಿಗೆಯ ಕೆಂಡ ಆರಿಸಿ, ಗಾಡಿ ಹಿಡಿದು ನಿಂತಿದ್ದ. ನನ್ನ ಅಂಗಿಯೊಂದು ಬೇರೆಯಾಗಿ, ಮಡಿಕೆ ಕೆಡದ ಹಾಗೆ, ಗಾಡಿಯ ಮೂಲೆಯಲ್ಲಿತ್ತು.

"ಆ ಗುರುತು ಹಾಕಿದ್ದು ನಾನು" ಎಂದೆ. ಮೈಕಿಲ್ಲದೆ ಹೇಳಿದೆ.

ಬಸವಪ್ರಭು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. "ನೋಡಿ, ಬಡವನ ಹೊಟ್ಟೆಪಾಡಿಗೋಸ್ಕರ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಳ್ತಿದಾರೆ. ಎಂಥ ದೊಡ್ಡ ಮನಸ್ಸು!"

"ಅಲ್ಲ ರೀ, ನಿಜವಾಗ್ಲೂ ನಾನೇ. ಫೋಟೋಗೋಸ್ಕರ."

"ಸಾಕು ಈಶ್ವರ್. ಇನ್ನೂ ಹೇಳಿದ್ರೆ ಕಣ್ಣಲ್ಲಿ ನೀರು ಬರತ್ತೆ" ಎಂದರು.

ಹದಿನಾಲ್ಕು ವರ್ಷ ನಾನು ಬರೆದದ್ದನ್ನೆಲ್ಲ ನಂಬಿದ ಜನ, ಅಪರೂಪಕ್ಕೆ ಒಂದು ನಿಜ ಹೇಳಿದರೆ ನಂಬಲಿಲ್ಲ. ಹಾರಕ್ಕೆ ಹೂವು ತರಲು ಒಬ್ಬರು ಮಾರ್ಕೆಟ್ಟಿನ ಕಡೆ ಹೊರಟೂ ಬಿಟ್ಟರು.

ಆಗ ನಮ್ಮ ಗೇಟು ತೆರೆದ ಸದ್ದಾಯಿತು. ರುದ್ರಾಣಿ ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ನನ್ನ ಪಂಚೆ ಹಿಡಿದು ರಸ್ತೆ ದಾಟಿದಳು. ಎರಡನ್ನೂ ಗಾಡಿಯ ಮೇಲೆ ಹರಡಿ, ಚಮಚದಿಂದ ಮುಚ್ಚಳ ಎಬ್ಬಿಸಿದಳು.

"ಇದು ನಮ್ಮ ಗೇಟಿನ ಬಣ್ಣ. ಇದು ಇವರ ಪಂಚೆ. ಅದು ಇವರ ಪ್ಲಸ್ಸು. ದೊಡ್ಡ ಮನಸ್ಸೇನೂ ಇಲ್ಲ ಇದರಲ್ಲಿ."

ಬಸವಪ್ರಭು ಡಬ್ಬಿ ನೋಡಿದರು, ಪಂಚೆ ನೋಡಿದರು, ಮರ ನೋಡಿದರು. ಅವರ ಮುಖದಲ್ಲಿದ್ದ ಗೊಂದಲ ನೋಡಿ ನನಗೇ ಪಾಪ ಅನ್ನಿಸಿತು. "ಹಾಗಾದ್ರೆ ವಿಷ ಹಾಕಿದ್ದು ಯಾರು?"

"ಒಂದು ಸಲ ತಲೆ ಎತ್ತಿ ನೋಡ್ರಪ್ಪ" ಎಂದಳು ಮುನಿಯಕ್ಕ.

ಮೂವತ್ತು ತಲೆಗಳು ಒಟ್ಟಿಗೆ ಎದ್ದವು. ಕೊಂಬೆಕೊಂಬೆಗೂ ಎಣ್ಣೆ ಸವರಿದಂತೆ ಹೊಳೆಯುವ ತಿಳಿಹಸಿರು ಚಿಗುರು. ಬಿಸಿಲು ಅದರೊಳಗಿಂದ ತೂರಿ ನಮ್ಮ ಮುಖ, ಬ್ಯಾನರು, ಮೈಕು, ಎಲ್ಲದರ ಮೇಲೂ ಹಸಿರಾಗಿ ಬಿದ್ದಿತ್ತು. ನಾವು ಅದರ ಕೆಳಗೆ ನಿಂತು ದಿನಾ ಶ್ರಾದ್ಧ ಮಾಡುತ್ತಿದ್ದಾಗ ಮರ ತನ್ನ ಪಾಡಿಗೆ ಹೊಸ ಬಟ್ಟೆ ಉಟ್ಟುಕೊಂಡಿತ್ತು.

"ನಮ್ಮ ಹೋರಾಟಕ್ಕೆ ಮರ ಸ್ಪಂದಿಸಿದೆ" ಎಂದರು ಬಸವಪ್ರಭು. ಮತ್ತೆ ಚಪ್ಪಾಳೆ. ಸಭೆ ಮುಗಿಯಿತು. ಗಾಡಿ ಎತ್ತಿಸುವ ಕಾಗದದಿಂದ ಪುಟ್ಟಯ್ಯ ಮತ್ತೆ ಇದ್ದಿಲು ಹೊತ್ತಿಸಿದ.

ಎಲ್ಲರೂ ಹೋದ ಮೇಲೆ ನಾನು ಅವನ ಹತ್ತಿರ ಹೋದೆ. ರುದ್ರಾಣಿಯೂ ಬಂದಳು.

"ಡಬ್ಬಿ ಹಿಡಿದೋನು ನೀನೇ. ಯಾಕಪ್ಪ ಹೇಳಲಿಲ್ಲ?"

"ನೀವು ಹೇಳ್ತೀರ ಅಂತ ಇದ್ದೆ ಸಾರ್. ದಿನಾ ಬಾಯಿ ತೆಗೀತಿದ್ರಿ. ಪ್ರತಿ ಸಲ ಬೇರೆ ಏನೋ ಬರ್ತಿತ್ತು."

ತಲೆ ತಗ್ಗಿಸಿದೆ. ಕ್ಷಮೆ ಕೇಳಿದೆ. ಅಷ್ಟು ಹೊತ್ತಿಗೆ ಇನ್ನೊಂದು ದುಃಖವೂ ನೆನಪಾಯಿತು. ತಿಂಗಳಿಡೀ ಕಾದದ್ದೇ ಈ ಒಂಬತ್ತು ದಿನಕ್ಕೆ, ಮರ ಬೋಳಾಗಿ ಚಿಗುರುವುದನ್ನು ನೋಡಲಿಕ್ಕೆ. ಆ ಒಂಬತ್ತೇ ದಿನ ತಪ್ಪಿಹೋಗಿದ್ದವು. ಋತುಚಕ್ರ ತುಂಡಾಯಿತಲ್ಲ ಪುಟ್ಟಯ್ಯ ಎಂದೆ.

"ಎಲ್ಲಿ ತುಂಡಾಯ್ತು?" ಅವನು ಜೇಬಿನಿಂದ ಮೂಲೆ ಒಡೆದ ಫೋನ್ ತೆಗೆದ. "ಒಂದು ದಿನಾನೂ ತಪ್ಪಬಾರದು ಅಂದಿದ್ರಿ. ನೀವು ಮನೇಲಿಲ್ಲದ ಎರಡು ದಿನ, ಆಮೇಲೆ ಭಾಷಣದಲ್ಲಿದ್ದ ಒಂಬತ್ತು ದಿನ, ನಾನೇ ನಿಮ್ಮ ಗೇಟ್ ಹತ್ರ ನಿಂತು ಹೊಡ್ಕೊಂಡೆ. ಇಸ್ತ್ರಿಯವನು ಫೋನ್ ಎತ್ತಿದ್ರೆ ಯಾರು ನೋಡ್ತಾರೆ ಸಾರ್?"

ಎಲ್ಲವೂ ಇದ್ದವು. ಹಳದಿ, ಅರೆಬೋಳು, ಬೋಳು, ಕೊಂಬೆಯ ತುದಿಯಲ್ಲಿ ಚುಕ್ಕಿಯಷ್ಟು ಹಸಿರು. ಕೊನೆಯದು ಶನಿವಾರದ್ದು. ಮರದ ಮೈತುಂಬ ಚಿಗುರು. ಅದರ ಮುಂದೆ ಅರ್ಧ ಚಿತ್ರ ನುಂಗಿಕೊಂಡು, ಮರಕ್ಕೆ ಬೆನ್ನು ಹಾಕಿ, ಬೆರಳೆತ್ತಿ, ಬಾಯಿ ತೆರೆದು ನಾನು. ಅಂದು ಆ ಬಾಯಲ್ಲಿದ್ದ ಮಾತು ನನಗೆ ಚೆನ್ನಾಗಿ ನೆನಪಿದೆ: ಈ ಮರ ಸತ್ತಿದೆ ಬಂಧುಗಳೇ.

ರುದ್ರಾಣಿ ನೀಲಿ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಬಗ್ಗಿ ನೋಡಿದಳು. ಆಮೇಲೆ ಫೋನನ್ನು ನನ್ನ ಮೂಗಿನ ಹತ್ತಿರಕ್ಕೆ ಹಿಡಿದಳು.

"ಗುರುತು ಕಾಣ್ತಿರ್ಲಿಲ್ಲ ಸಾರ್, ಅದಕ್ಕೆ ನಿಮ್ಮ ತಲೆನೇ ನಡುವೆ ಇಟ್ಕೊಂಡೆ" ಎಂದ ಪುಟ್ಟಯ್ಯ. ಆಮೇಲೆ ಪೆಟ್ಟಿಗೆಯ ಕೆಂಡಕ್ಕೆ ಗಾಳಿ ಹಾಕುತ್ತಾ, ಬೇಜಾರಾಗದ ಹಾಗೆ, ಮೆಲ್ಲಗೆ ಸೇರಿಸಿದ. "ನೀವು ಸ್ವಲ್ಪ ಆ ಕಡೆ ಸರಿದಿದ್ರೆ ಮರ ಪೂರ್ತಿ ಬರ್ತಿತ್ತು."