ಕೆಂಪಿ ಇನ್ನೂ ಮನೆಗೆ ಬಂದಿಲ್ಲ

ಏಯ್, ಆಚೆ ಮನೆಯವರೇ, ಸ್ವಲ್ಪ ನಿಂತ್ಕೊಳ್ಳಿ. ಒಲೆ ಮೇಲೆ ಹಾಲಿದ್ರೆ ಇಳಿಸಿ ಬನ್ನಿ. ನಮ್ಮತ್ತೆ ಇವತ್ತು ಮಾಡ್ಕೊಂಡಿರೋ ಎಡವಟ್ಟು ಕೇಳದೆ ಹೋದ್ರೆ ನಿಮಗೇ ಲಾಸು.

ಅತ್ತೆಯದು ಬ್ಯೂಟಿ ಪಾರ್ಲರ್. ಹಿಂಬಾಗಿಲು ತೆಗೆದರೆ ಸಮುದ್ರ. ನೀರು ಇಳಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಒಂದೊಂದು ಪುಟಾಣಿ ಕಡಲು ಉಳಿದುಕೊಳ್ಳುತ್ತದೆ. ಮುಟ್ಟಿದರೆ ಮುದುಡುವ ಹೂವಿನಂಥ ಪ್ರಾಣಿ, ಯಾರದೋ ಖಾಲಿ ಚಿಪ್ಪಿನಲ್ಲಿ ಬಾಡಿಗೆ ಕೊಡದೆ ಸಂಸಾರ ಹೂಡಿದ ಏಡಿ, ಜನ್ಮದಲ್ಲಿ ತಲೆ ಬಾಚಿಕೊಳ್ಳದ ಕಂದು ಪಾಚಿ. ಗಿರಾಕಿಗಳಿಗಿಂತ ಇವೇ ಅತ್ತೆಗೆ ಆಪ್ತರು.

ಎಲ್ಲಕ್ಕಿಂತ ಮುದ್ದು ಎಂದರೆ ಬಟ್ಟಲು ಹುಳ. ಬಂಡೆಗೆ ಪುಟ್ಟ ಬಟ್ಟಲನ್ನು ಬೋರಲು ಹಾಕಿದ ಹಾಗೆ ಅಂಟಿಕೊಂಡಿರುತ್ತದೆ. ನೀರಿದ್ದಾಗ ಪಾಚಿ ಮೇಯಲು ಹೊರಟು, ನೀರಿಳಿಯುವಾಗ ತಾನು ಬಂಡೆಯಲ್ಲಿ ಸವೆಸಿಕೊಂಡ ಅದೇ ಗುರುತಿಗೆ ಬಂದು ಕೂರುತ್ತದೆ. ಇದು ನಿಜವೋ ಸುಳ್ಳೋ ನೋಡಿಯೇ ಬಿಡುತ್ತೇನೆಂದು ಅತ್ತೆ ಒಂದು ಹುಳದ ಬೆನ್ನಿಗೂ ಅದರ ಮನೆಯ ಪಕ್ಕಕ್ಕೂ ಪಾರ್ಲರಿನ ಕೆಂಪು ನೇಲ್ ಪಾಲಿಶ್ ಚುಕ್ಕೆಯಿಟ್ಟರು. ಹುಳಕ್ಕೆ ಕೆಂಪಿ ಎಂದು ಹೆಸರೂ ಬಿತ್ತು.

"ದಿನಾ ಹೊತ್ತಿಗೆ ಸರಿಯಾಗಿ ಮನೆ ಸೇರ್ತಾಳೆ ರೀ. ನಿಮ್ ಥರ ಅಲ್ಲ."

"ಅದಕ್ಕೆ ಮನೇಲಿ ಹೆಂಡ್ತಿ ಇಲ್ವಲ್ಲ," ಎಂದರು ಗಲ್ಲಾದಲ್ಲಿ ಕೂತಿದ್ದ ಮಾವ.

ಇವತ್ತು ಬೆಳಿಗ್ಗೆ ಅತ್ತೆ ಭೀಷಣ ಪ್ರತಿಜ್ಞೆ ಮಾಡಿದರು. ಗಿರಾಕಿ ಕುರ್ಚಿಯಲ್ಲಿದ್ದಷ್ಟು ಹೊತ್ತು ಹಿಂಬಾಗಿಲ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಕಾರಣವಿತ್ತು. ಬರುವವರು ಹೆಣ್ಣುಮಕ್ಕಳ ಶಾಲೆಯ ಹೆಡ್ಮಿಸ್ಸು. ಸಂಜೆ ಬಹುಮಾನ ವಿತರಣೆ, ವೇದಿಕೆ, ಫೋಟೋ. ಅವರ ತಲೆ ಚೆನ್ನಾಗಿ ಬಂದರೆ ಶಾಲೆಯ ಅಷ್ಟೂ ಟೀಚರುಗಳ ತಲೆ ಅತ್ತೆಯ ಕೈಗೆ. ಕೆಟ್ಟರೆ ಅಷ್ಟೂ ತಲೆ ಎದುರು ಬೀದಿಯ ಪಾರ್ಲರಿಗೆ.

"ಲೈಟಾಗಿ ಕಂದು ಬಣ್ಣ ಸಾಕು," ಎಂದರು ಹೆಡ್ಮಿಸ್ಸು.

ಅತ್ತೆ ಡೈ ಹಚ್ಚಿ ಮುಗಿಸಿದರು. ಇನ್ನು ಅರ್ಧ ಗಂಟೆ ಅದು ಹಿಡಿಯಬೇಕು. ಅದೇ ಹೊತ್ತಿಗೆ ಕಡಲು ಇಳಿಯಬೇಕೇ.

"ಇಗೋ ಬಂದೆ ಮೇಡಂ," ಎಂದವರೇ ಏಪ್ರನ್ನಿನಲ್ಲೇ ಹಿಂಬಾಗಿಲು ದಾಟಿದರು.

ಗುಂಡಿಯಂಚಿನ ಒಂದು ಸಮತಟ್ಟಾದ ಕಲ್ಲಿನ ಮೇಲೆ ಧೊಪ್ಪನೆ ಕೂತು ಹುಡುಕಿದರು. ಕೆಂಪಿ ಇಲ್ಲ. ಮನೆಯ ಚುಕ್ಕೆಯೂ ಇಲ್ಲ, ಅಲೆ ತೊಳೆದಿರಬೇಕು. ಈಗ ಬರ್ತಾಳೆ, ಇನ್ನೇನು ಬರ್ತಾಳೆ ಎಂದು ಕಾದರು. ಅರ್ಧ ಗಂಟೆ ಯಾವಾಗಲೋ ಕಳೆಯಿತು. ಫೋನು ಬಡಿದುಕೊಂಡಿತು.

"ಏ ಇವಳೇ, ಎಲ್ಲಿ ಸತ್ತೆ? ಮೇಡಂಗೆ ತಲೆ ಉರೀತಿದೆಯಂತೆ," ಎಂದರು ಮಾವ.

"ರೀ, ಕೆಂಪಿ ಇನ್ನೂ ಮನೆಗೆ ಬಂದಿಲ್ಲ. ನನಗೆ ಕೈಕಾಲೇ ಆಡ್ತಿಲ್ಲ."

ಮಾವನ ಫೋನು ಸ್ಪೀಕರಿನಲ್ಲಿತ್ತು. ಹೆಣ್ಣುಮಗಳೊಬ್ಬಳು ಮನೆಗೆ ಬಂದಿಲ್ಲವೆಂದರೆ ಹೆಡ್ಮಿಸ್ಸು ಕೂತಿರುತ್ತಾರೆಯೇ? ಕೊರಳಿಗೆ ಟವೆಲ್ಲು, ತಲೆ ತುಂಬ ಡೈ, ಹಾಗೇ ಬಂಡೆ ಹತ್ತಿ ಬಂದರು. ಹಿಂದೆ ಮಾವ.

"ಎಷ್ಟನೇ ಕ್ಲಾಸು?"

"ಯಾರು ಮೇಡಂ?"

"ಕೆಂಪಿ ರೀ."

ಅತ್ತೆ ತೊದಲುತ್ತಾ ವಿಷಯ ಹೇಳಿದರು. ಡೈ ಮೆಲ್ಲಗೆ ಇಳಿದು ಹೆಡ್ಮಿಸ್ಸಿನ ಕಿವಿ ತಲುಪುತ್ತಿತ್ತು. ಅವರು ಗುಂಡಿಯನ್ನೊಮ್ಮೆ, ಅತ್ತೆಯನ್ನೊಮ್ಮೆ, ಅತ್ತೆಯ ಏಪ್ರನ್ನಿನ ಅಂಚನ್ನೊಮ್ಮೆ ನೋಡಿದರು.

"ಎದ್ದು ನಿಲ್ಲಿ."

ಅತ್ತೆ ಪಾಠ ಒಪ್ಪಿಸದ ಹುಡುಗಿಯ ಹಾಗೆ ಎದ್ದರು. ಕೂತಿದ್ದ ಜಾಗದಲ್ಲಿ ಸವೆದ ದುಂಡು ಗುರುತು, ಪಕ್ಕದಲ್ಲಿ ಕೆಂಪು ಚುಕ್ಕೆ. ಏಪ್ರನ್ನಿನ ಅಂಚು ಬಿದ್ದಿದ್ದಲ್ಲಿ, ಬಾಗಿಲಲ್ಲಿ ನಿಂತ ನೆಂಟರ ಹಾಗೆ, ಕೆಂಪಿ.

"ಪಾಪ, ಅದು ಬಂದು ಯಾವ ಕಾಲ ಆಯ್ತೋ," ಎಂದರು ಮಾವ. "ಮನೆ ಮೇಲೆ ನೀನೇ ಕೂತು, ಮನೆಗೆ ಬಂದಿಲ್ಲ ಅಂತ ಅದರ ಮೇಲೇ ದೂರು."

ತೊಳೆದ ಮೇಲೆ ನೋಡಿದರೆ ಕೂದಲು ಡಾಂಬರು. ಹಣೆ, ಕಿವಿ ಕೂಡ ಅದಕ್ಕೇ ಮ್ಯಾಚಿಂಗು. ಅತ್ತೆ ಎಷ್ಟು ಉಜ್ಜಿದರೂ ಹೆಡ್ಮಿಸ್ಸಿನ ಬಲಗಿವಿ ಜಗ್ಗಲಿಲ್ಲ. ಕೊನೆಗೆ ಅವರು ಸ್ಕಾರ್ಫು ಬಿಗಿದುಕೊಂಡು ವೇದಿಕೆಗೆ ಹೊರಟರು. ಬಾಗಿಲಲ್ಲಿ ತಿರುಗಿದರು.

"ಟೀಚರ್ಸ್‌ನ ಕಳಿಸ್ತೀನಿ. ಆದ್ರೆ ಅವರು ಕುರ್ಚಿಲಿ ಇರೋವಷ್ಟು ಹೊತ್ತು ಹಿಂಬಾಗಿಲಿಗೆ ಬೀಗ. ಕೀ ಅವರ ಕೈಲಿ."

ಅತ್ತೆ ಹೂಂ ಎಂದರು.

ಮನೆಗೆ ಬಂದು ಸೋಫಾದ ಹತ್ತಿರ ಹೋದವರು ಕೂರಲಿಲ್ಲ. ಬಗ್ಗಿ ದಿಂಬು ಎತ್ತಿ ನೋಡಿದರು.

"ಏನು ಕಳ್ಕೊಂಡೆ?" ಎಂದರು ಮಾವ.

"ಏನಿಲ್ಲ ರೀ. ಯಾರ ಮನೆನೋ ಏನೋ ಅಂತ," ಎಂದು ಅತ್ತೆ ನೆಲದ ಮೇಲೇ ಮಲಗಿಬಿಟ್ಟರು.