ಬೆರಳು ತೋರಿಸಿ, ಸ್ವಾಮಿ!

ಹೊಸೂರಿನಲ್ಲಿ ನಾನಿರುವವರೆಗೆ ಒಂದೇ ಒಂದು ಕಳ್ಳವೋಟು ಬೀಳಕೂಡದು!

ಎರಡು ಸಾವಿರದ ಒಂಬತ್ತರ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ದೋಸೆ ಹಿಟ್ಟಿನ ಸೌಟನ್ನು ಗದೆಯಂತೆ ಮೇಲೆತ್ತಿ ನಾನು ಹೀಗೆಂದು ಶಪಥ ಮಾಡಿದೆ. ಸೌಟಿನಿಂದ ಎರಡು ಹನಿ ಹಿಟ್ಟು ನನ್ನ ನೆತ್ತಿಯ ಮೇಲೇ ಬಿತ್ತು. ದೇವತೆಗಳ ಪುಷ್ಪವೃಷ್ಟಿ ಎಂದುಕೊಂಡೆ. ಎಚ್ಚರಿಕೆ ಎಂದು ಗೊತ್ತಾಗಲು ಮೇ ಹದಿಮೂರು ಬರಬೇಕಾಯಿತು.

ಆಗ ನನಗೆ ನಲವತ್ತಾರು ವಯಸ್ಸು, ಮತ್ತು ನಾನು ವಿದ್ಯಾರ್ಥಿನಿ. ನಗಬೇಡಿ. ಅಂಚೆ ತೆರಪಿನ ಎಂ.ಎ., ರಾಜ್ಯಶಾಸ್ತ್ರ, ಕೊನೆಯ ವರ್ಷ. ಮಗಳು ಪದ್ಮಶ್ರೀ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಲಾರಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರು, ಜಗನ್, ಶಿಫ್ಟ್ ಮುಗಿಸಿ ಬಂದು ಖಾಲಿ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡಿ ಹೇಳುತ್ತಿದ್ದರು: "ಇಬ್ಬರು ಪಿ.ಜಿ. ಓದ್ತಾ ಓದ್ತಾ ನಮ್ಮನೇನೂ ಪಿ.ಜಿ. ಆಗೋಯ್ತು. ಆದ್ರೆ ಪಿ.ಜಿ.ಲಿ ಊಟ ಹಾಕ್ತಾರೆ."

ಮೇ ಕೊನೆಗೆ ನಾನೊಂದು ಪ್ರಾಜೆಕ್ಟ್ ವರದಿ ಕಳಿಸಬೇಕಿತ್ತು. ವಿಷಯ: ಗಡಿಭಾಗದ ಮತದಾರರ ನಡವಳಿಕೆ. ನಡವಳಿಕೆ ಅಂದಮೇಲೆ ದುರ್ನಡತೆಯೂ ಸೇರಿತಲ್ಲ! ಯೋಚಿಸಿ ನೋಡಿ. ಗಡಿಯಾಚೆ ಕರ್ನಾಟಕದಲ್ಲಿ ಮತದಾನ ಏಪ್ರಿಲ್ ಇಪ್ಪತ್ಮೂರಕ್ಕೆ. ಈಚೆ ನಮ್ಮ ತಮಿಳುನಾಡಿನಲ್ಲಿ ಮೇ ಹದಿಮೂರಕ್ಕೆ. ಮಧ್ಯೆ ಇಪ್ಪತ್ತು ದಿನ! ಅತ್ತಿಬೆಲೆ ದಾಟಿದರೆ ಹೊಸೂರು, ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ರಾಜ್ಯವೇ ಬದಲು. ಇಲ್ಲಿನ ಅರ್ಧ ಜನಕ್ಕೆ ಮನೆ ಈಚೆ, ತವರು ಆಚೆ. ಅಲ್ಲೊಂದು ಸಲ ಒತ್ತಿ, ಇಲ್ಲೊಂದು ಸಲ ಒತ್ತಿದರೆ ಕೇಳುವವರು ಯಾರು?

ನಾನು!

ಕಲ್ಪನೆ ಸರಳ. ಈ ಇಪ್ಪತ್ತು ದಿನಗಳಲ್ಲಿ ಹೊಸೂರಿನಲ್ಲಿ ಯಾರ ಎಡಗೈ ತೋರುಬೆರಳಿನ ಮೇಲೆ ಕಪ್ಪು ಗೆರೆ ಕಾಣುತ್ತದೋ ಅವರು ಆಚೆ ವೋಟು ಹಾಕಿ ಬಂದವರು. ಈಚೆಯೂ ಹಾಕುತ್ತಾರೋ ಇಲ್ಲವೋ ಎಂಬುದನ್ನು ಸಂಶೋಧಿಸುವುದು. ಉಗುರು ನೋಡುವ ಕಲೆ ನನಗೆ ಹೊಸದಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ಪ್ರಾರ್ಥನೆಯ ಮೊದಲು ಸಿಸ್ಟರ್ ಸ್ಕೇಲು ಹಿಡಿದು ನಮ್ಮ ಉಗುರು ನೋಡುತ್ತಿದ್ದರು. ಕೊಳೆ ಇದ್ದವರ ಬೆರಳಿಗೆ ಪ್ರಾರ್ಥನೆಗಿಂತ ಮೊದಲೇ ಪ್ರಸಾದ.

ಇಷ್ಟು ನಿಷ್ಠೆಗೆ ಇನ್ನೊಂದು ಕಾರಣವಿತ್ತು. ಹೊಸೂರಿಗೆ ಬಂದು ಹದಿನಾಲ್ಕು ವರ್ಷ ನನಗೆ ಇಲ್ಲಿ ವೋಟಿರಲಿಲ್ಲ. ಒಂದು ಸಲ ಪಟ್ಟಿಯಲ್ಲಿ "ಮಾಲಿನಿ, ಗಂಡಸು, ವಯಸ್ಸು ನೂರಾ ಹನ್ನೆರಡು" ಎಂದು ಬಂದು ಬೀದಿಯೆಲ್ಲ ನಕ್ಕಿತು. ತಿದ್ದಿಸಿದೆ. ಮುಂದಿನ ಸಲ ಹೆಸರೇ ಇಲ್ಲ. ಆ ವಯಸ್ಸಿಗೆ ಸತ್ತಿರಬೇಕು ಎಂದುಕೊಂಡಿರಬಹುದು. ನಾಲ್ಕನೆಯ ಅರ್ಜಿಗೆ ಆ ವರ್ಷ ಕಾರ್ಡು ಬಂದಿತ್ತು. ಫೋಟೋದಲ್ಲಿ ನಾನು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರೂ, ಅದಕ್ಕೆ ಕುಂಕುಮ ಹಚ್ಚಿ ದೇವರ ಮುಂದಿಟ್ಟಿದ್ದೆ. ರಾಮನ ವನವಾಸದಷ್ಟು ಕಾದು ಪಡೆದ ವೋಟು. ಅದನ್ನು ಕಳ್ಳರು ಕಲಬೆರಕೆ ಮಾಡಲು ಬಿಡುವೆನೆ?

ಏಪ್ರಿಲ್ ಇಪ್ಪತ್ನಾಲ್ಕರಂದೇ ಬಾಗಲೂರು ಬಸ್ ಹತ್ತಿದೆ. ಮೇಲಿನ ಕಂಬಿ ಹಿಡಿದು ನಿಂತವರ ಕೈಗಳು ತೋರಣದ ಹಾಗೆ ಸಾಲಾಗಿ ತೂಗುತ್ತಿದ್ದವು. ಆಹಾ, ಬೆರಳಿನ ತೋಟ! ಮೊದಲ ನೋಟಕ್ಕೇ ಒಬ್ಬ ಸಿಕ್ಕಿಬಿದ್ದ. ನಮ್ಮ ಬೀದಿಯವನೇ, ಮುನಿಶಾಮಿ; ಬಾಗಲೂರಿನಾಚೆ ಟೊಮೆಟೊ ಬೆಳೆಯುತ್ತಾನೆ. ಉಗುರೆಲ್ಲ ಕರ್ರಗೆ!

"ಮುನಿಶಾಮಿ, ನಿನ್ನ ಎಡಗೈ ತೋರಿಸು."

"ಯಾಕ್ ತಾಯಿ? ಶಾಸ್ತ್ರ ಯೋಳ್ತೀಯಾ?"

"ಇದೇನು ಕಪ್ಪು?"

"ಟೊಮೆಟೊ ಗಿಡದ ಕಪ್ಪು. ಮೂರ್ ದಿವ್ಸದಿಂದ ಕಾಯಿ ಕೀಳ್ತಾ ಇವ್ನಿ. ಅತ್ತೂ ಬೆರಳಾಗೂ ಐತೆ ನೋಡು, ಅತ್ತು ಓಟು ಆಕ್ಬುಟ್ನಾ?"

ಬಸ್ಸು ಗೊಳ್ಳೆಂದಿತು. ಆದರೆ ಹಿಂದಿನ ಸೀಟಿನ ಹೆಂಗಸೊಬ್ಬಳಿಗೆ "ಶಾಸ್ತ್ರ" ಎಂಬುದಷ್ಟೇ ಕೇಳಿಸಿತ್ತು. ಥಟ್ಟನೆ ಎಡಗೈ ಚಾಚಿದಳು. "ನನ್ ಮಗಳ ಮದ್ವೆ ಯಾವಾಗಮ್ಮ?" ಅವಳ ಪಕ್ಕದವಳೂ ಚಾಚಿದಳು. ಬಾಗಲೂರು ಬರುವಷ್ಟರಲ್ಲಿ ಹದಿನಾರು ಎಡಗೈಗಳು! ಅಂದಿನಿಂದ ನಾನು ಬೇರಿಕೆ ಸಂತೆಯವರೆಗೂ ಕೈ ನೋಡುವ ಅಮ್ಮನಾದೆ. ಸತ್ಯಶೋಧನೆಗೆ ಸಣ್ಣ ಸುಳ್ಳು ಸಲ್ಲುತ್ತದೆ. ತೊಂದರೆ ಒಂದೇ. ಶಾಸ್ತ್ರದಲ್ಲಿ ಹೆಂಗಸರಿಗೆ ಎಡಗೈ, ಗಂಡಸರಿಗೆ ಬಲಗೈ. ಹಾಗಾಗಿ ಗಂಡಸು ಜಾತಿ ಪೂರ್ತಿ ನನ್ನ ಸಂಶೋಧನೆಯಿಂದ ತಪ್ಪಿಸಿಕೊಂಡಿತು. ಅನುಮಾನ ಇನ್ನಷ್ಟು ಬಲವಾಯಿತು. ಇದರಲ್ಲಿ ಅವರ ಸಂಚೇ ಇರಬೇಕು!

ಹೀಗೆ ಅಲೆದು ಸುಸ್ತಾಗಿ ಮನೆಗೆ ಬಂದರೆ, ಒಲೆಯ ಮೇಲೆ ಘಮಘಮಿಸುವ ಹುಳಿ. ದಿನವೂ! ಕೆಳಗಿನ ಮನೆಯ ಒಡತಿ ಗಂಗರತ್ನಮ್ಮನವರಲ್ಲದೆ ಇನ್ಯಾರು ಕಳಿಸುತ್ತಾರೆ? ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದೆ. "ಗಂಗರತ್ನಮ್ಮೋರೆ, ನಿಮ್ಮ ಹುಳಿ ಅಂದ್ರೆ ಅಮೃತ!"

"ನನ್ನ ಹುಳಿನಾ?" ಎಂದು ಅವರು ಸೆರಗು ಬಾಯಿಗಿಟ್ಟು ನಗುತ್ತಾ ಒಳಗೆ ಹೋದರು. ಎಂಥ ವಿನಯ!

ಇಷ್ಟರಲ್ಲಿ ಆಘಾತವಾಯಿತು. ಹೊರಗಿನ ಬೆರಳುಗಳನ್ನು ನೋಡುವ ಭರದಲ್ಲಿ ನಾನು ಮನೆಯ ಬೆರಳನ್ನು ನೋಡಿರಲಿಲ್ಲ. ಏಪ್ರಿಲ್ ಇಪ್ಪತ್ಮೂರಕ್ಕೇ ನಮ್ಮವರು "ಅಮ್ಮನ್ನ ನೋಡ್ಕೊಂಡು ಬರ್ತೀನಿ" ಎಂದು ಮಾಲೂರಿಗೆ ಹೋಗಿ ಬಂದಿದ್ದರು. ಅಲ್ಲಿನ ಪಟ್ಟಿಯಲ್ಲೂ ಅವರ ಹೆಸರು ಹಾಗೇ ಇತ್ತು. ಈಗ ನೋಡುತ್ತೇನೆ: ಎಡಗೈ ತೋರುಬೆರಳಿಗೆ ಪ್ಲಾಸ್ಟರ್!

"ಏನ್ರೀ ಅದು?"

"ಗಾಯ."

"ಎಲ್ಲಿ ಆಯ್ತು?"

"ಬೆರಳಲ್ಲಿ."

"ಹೇಗೆ ಆಯ್ತು?"

"ಇದ್ದಕ್ಕಿದ್ದಂಗೆ."

"ಬಿಚ್ಚಿ, ನೋಡೋಣ."

"ನೋಡೋಕೆ ಅದೇನು ಸಿನಿಮಾನೇನೆ?" ಎಂದು ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡರು. ಅಪರಾಧಿಗಳ ಲಕ್ಷಣ!

ಮಾಲೂರಿಗೆ ಫೋನು ಮಾಡಿದೆ. ಅತ್ತೆ ಚೆಲುವಮ್ಮನವರು ಎತ್ತಿದರು.

"ಅತ್ತೆ, ಮೊನ್ನೆ ಇವರು ಅಲ್ಲಿ ವೋಟು ಹಾಕಿದ್ರಾ?"

"ಓಟೋ ಗೀಟೋ ನಂಗೊತ್ತಿಲ್ಲ ಕಣವ್ವ. ಅವ್ನು ಬಂದಿದ್ದೇ ಬ್ಯಾರೆ ಕೆಲ್ಸಕ್ಕೆ."

"ಏನು ಕೆಲಸ?"

"ಮಾಲಿನಿಗೆ ಮಾತ್ರ ಯೋಳ್ಬ್ಯಾಡ ಅಂದವ್ನೆ. ನಾನ್ಯಾಕ್ ಯೋಳ್ಲಿ!" ಫೋನ್ ಇಟ್ಟೇಬಿಟ್ಟರು.

ತಾಯಿ ಮಗ ಸೇರಿ ಅಂತರರಾಜ್ಯ ಪಿತೂರಿ! ಪ್ರಜಾಪ್ರಭುತ್ವವೋ ಪತಿಯೋ ಎಂಬ ಧರ್ಮಸಂಕಟ ಬಂದಾಗ ನಾನು ಒಂದು ಲೋಟ ಕಾಫಿ ಕುಡಿದು ಪ್ರಜಾಪ್ರಭುತ್ವವನ್ನು ಆರಿಸಿಕೊಂಡೆ. ಚುನಾವಣೆಯ ಅಧಿಕಾರಿಗಳಿಗೆ ಕಾನ್ವೆಂಟ್ ಇಂಗ್ಲಿಷಿನಲ್ಲಿ ಮೂರು ಪುಟದ ಅರ್ಜಿ ಬರೆದೆ. ನಮ್ಮವರ ಹೆಸರು ಹಾಕಲಿಲ್ಲ, ಹೆಂಡತಿಯ ಕರುಳು; ನನ್ನ ಹೆಸರಿನ ಜಾಗದಲ್ಲೂ "ಒಬ್ಬ ವಿದ್ಯಾವಂತ ಮಹಿಳೆ" ಎಂದಷ್ಟೇ ಬರೆದೆ. ನಮ್ಮ ಮತಗಟ್ಟೆಯಲ್ಲಿ ಪ್ರತಿಯೊಬ್ಬರ ಎಡ ತೋರುಬೆರಳನ್ನೂ ಪರೀಕ್ಷಿಸಬೇಕು, ಬೆರಳಿಗೆ ಪ್ಲಾಸ್ಟರು, ಬಟ್ಟೆ, ಮೆಹಂದಿ ಏನೇ ಇರಲಿ, ಬಿಡಿಸಿ ನೋಡಬೇಕು, ಕಣ್ಣೀರಿಗೆ ಕರಗಬಾರದು! ಈ ಕೊನೆಯ ವಾಕ್ಯಕ್ಕೆ ಎರಡು ಸಲ ಅಡಿಗೆರೆ ಎಳೆದೆ.

ಆದರೂ ಒಂದು ಪ್ರಶ್ನೆ ಕೊರೆಯುತ್ತಿತ್ತು. ಪ್ಲಾಸ್ಟರಿನ ಮರೆಯಲ್ಲಿ ಶಾಯಿಯನ್ನು ಅಳಿಸಿಬಿಟ್ಟಿದ್ದರೆ? ಬೇರಿಕೆಯ ಸಂತೆಯಲ್ಲಿ ಒಬ್ಬಾಕೆ ಪರಂಗಿ ಕಾಯಿಯ ಹಾಲು ಹಚ್ಚಿದರೆ ಅರ್ಧ ಗಂಟೆಗೆ ಹೋಗುತ್ತದೆ ಎಂದಿದ್ದಳು. ಆಕೆಯ ಉಗುರು ಬೆಳ್ಳಗಿತ್ತು. ಅದೇ ಅನುಮಾನ! ಪರೀಕ್ಷಿಸದೆ ಬರೆದರೆ ಅದು ಸಂಶೋಧನೆಯೆ?

ಪರೀಕ್ಷೆಗೆ ಓದಿಕೊಳ್ಳಲು ರಜೆ ಸಿಕ್ಕಿ ಮನೆಗೆ ಹೊರಟಿದ್ದ ಪದ್ಮಶ್ರೀಗೆ, ಬರುವಾಗ ಸ್ವಲ್ಪ ಸಿಲ್ವರ್ ನೈಟ್ರೇಟ್ ದ್ರಾವಣ ತರಲು ಹೇಳಿದೆ. ಆ ಶಾಯಿಯ ಜೀವಾಳವೇ ಅದಂತೆ. ಕಣ್ಣಿನ ಡ್ರಾಪ್ಸ್ ಬಾಟಲಿಯಷ್ಟು ತಂದಳು.

"ಅಮ್ಮ, ಕಾಲಿನ ಉಗುರಿಗೆ ಹಚ್ಕೊಂಡು ನೋಡು, ಸಾಕು."

"ಕಾಲಲ್ಲಿ ಯಾರೇ ವೋಟು ಹಾಕ್ತಾರೆ? ಪ್ರಯೋಗ ಅಂದಮೇಲೆ ಅದೇ ಕೈ, ಅದೇ ಬೆರಳು, ಅದೇ ಉಗುರು!"

ಹಚ್ಚಿದೆ. ಟೆರೇಸಿಗೆ ಹೋಗಿ ಬಿಸಿಲಿಗೆ ಹಿಡಿದೆ. ನೋಡುನೋಡುತ್ತಿದ್ದಂತೆ ಉಗುರು ಕಾಗೆಯ ಕೊಕ್ಕಿನಷ್ಟು ಕಪ್ಪಾಯಿತು. ಭೇಷ್! ಈಗ ಪರಂಗಿ ಹಾಲು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಬೆರಳು ಉರಿಯಿತೇ ಹೊರತು ಕಪ್ಪು ಕದಲಲಿಲ್ಲ. ನಿಂಬೆಹಣ್ಣು, ಹುಣಸೆಹಣ್ಣು, ಬೆಂಕಿಕಡ್ಡಿಯ ಮದ್ದು, ಸೀಮೆಎಣ್ಣೆ, ಕೊನೆಗೆ ಪಾತ್ರೆ ತಿಕ್ಕುವ ತೆಂಗಿನ ನಾರು. ಉಗುರು ಪಾಲಿಶ್ ಹಾಕಿದಂತೆ ಇನ್ನಷ್ಟು ಮಿಂಚಿತು! ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತಾರೆ. ನನ್ನದು ಉಗುರಿನಲ್ಲೇ ಇತ್ತು, ಕೊಡಲಿ ತಂದರೂ ಹೋಗುವಂತಿರಲಿಲ್ಲ.

"ಪದ್ಮ, ಇದು ಯಾವಾಗ ಹೋಗುತ್ತೆ?"

"ಉಗುರು ಬೆಳೆದು ಕತ್ತರಿಸ್ಬೇಕು. ಎರಡು ಮೂರು ತಿಂಗಳು." ಪುಸ್ತಕದಿಂದ ತಲೆಯೆತ್ತಿದಳು. "ಅಮ್ಮ, ನಿನ್ನ ವೋಟು ಯಾವತ್ತು?"

"ಬುಧವಾರ."

ಕೆಳಗೆ ಆಟೋದ ಮೈಕಿನಲ್ಲಿ ಯಾರೋ "ನಿಮ್ಮ ಅಮೂಲ್ಯವಾದ ಮತ" ಎಂದು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಕೂಗಿಕೊಂಡು ಹೋದರು.

ಅಂದು ಸಂಜೆ ಊಟಕ್ಕೆ ಕುಳಿತಾಗ ಎಡ ತೋರುಬೆರಳಿಗೆ ಪ್ಲಾಸ್ಟರ್ ಹಾಕಿಕೊಂಡವರು ಇಬ್ಬರಿದ್ದರು.

"ಏನೇ ಅದು?" ಎಂದರು ನಮ್ಮವರು.

"ಗಾಯ."

"ಎಲ್ಲಿ ಆಯ್ತು?"

"ಬೆರಳಲ್ಲಿ," ಎಂದೆ. ಅವರು ನನ್ನನ್ನು ಅನುಮಾನದಿಂದ ನೋಡಿದರು. ನಾನು ಅವರನ್ನು. ಮಧ್ಯೆ ಹುಳಿ ಆರುತ್ತಿತ್ತು.

ಬುಧವಾರ ಬೆಳಗ್ಗೆ ಶಾಲೆಯ ಮತಗಟ್ಟೆ. ಗಂಡಸರದ್ದೊಂದು ಸಾಲು, ಹೆಂಗಸರದ್ದೊಂದು. ಒಳಗೆ ಹೋದರೆ ಏಜೆಂಟರ ಬೆಂಚಿನಲ್ಲಿ ಮುನಿಶಾಮಿ! ಟೊಮೆಟೊ ಕಪ್ಪೆಲ್ಲ ತೊಳೆದು, ಬಿಳಿ ಅಂಗಿ ತೊಟ್ಟು ಮದುವೆ ಗಂಡಿನಂತೆ ಕೂತಿದ್ದ. ಮೇಜಿನ ಮೇಲೆ, ಪೇಪರ್‌ವೆಯ್ಟಿನ ಕೆಳಗೆ, ಮೂರು ಪುಟದ ನಕಲು. ಎರಡು ಅಡಿಗೆರೆಗಳ ಗುರುತು ದೂರದಿಂದಲೇ ಸಿಕ್ಕಿತು. ನನ್ನದೇ ಅರ್ಜಿ!

ಮೊದಲು ನಮ್ಮವರ ಸರದಿ ಬಂತು. "ವೆರಲ್ ಕಾಟ್ಟುಂಗ ಸಾರ್," ಎಂದು ಅಧಿಕಾರಿ ತಮಿಳಿನಲ್ಲಿ ಬೆರಳು ಕೇಳಿದರು. ಪ್ಲಾಸ್ಟರ್ ಬಿಡಿಸಿದರು. ನಾನು ಕತ್ತು ಉದ್ದ ಮಾಡಿ ನೋಡಿದೆ. ಶಾಯಿ ಇಲ್ಲ! ಉಗುರು ಮುತ್ತಿನಂತಿದೆ. ಅದರ ಪಕ್ಕದಲ್ಲಿ ಮೂರು ಸಣ್ಣ ಗಾಯದ ಗೆರೆ, ಒಂದು ಹಳೆಯದು, ಒಂದು ಅರೆಹಳೆಯದು, ಒಂದು ಇನ್ನೂ ಹಸಿ. ಶಾಯಿ ಹಾಕಿಸಿಕೊಂಡು, ವೋಟು ಹಾಕಿ, ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದರು.

"ನೀಂಗಮ್ಮಾ?" ಎಂದು ಅಧಿಕಾರಿ ನನ್ನ ಕಡೆ ತಿರುಗಿದರು.

"ಗಾಯ," ಎಂದೆ. ದನಿ ಕಾನ್ವೆಂಟಿನ ಸೋಮವಾರದ್ದು.

ಅಧಿಕಾರಿ ಅರ್ಜಿಯ ಮೇಲೆ ಬೆರಳಿಟ್ಟು ತಮಿಳಿನಲ್ಲಿ ಬೇಸರ ತೋಡಿಕೊಂಡರು: ಯಾರೋ ಓದಿದ ಅಮ್ಮ ಬರೆದಿದ್ದಾರೆ, ಪ್ಲಾಸ್ಟರ್ ಬಿಡಿಸಲೇಬೇಕಂತೆ, ನಮಗೇನು ಬೇರೆ ಕೆಲಸವಿಲ್ಲವೆ! ನಾನು ಕಣ್ಣಲ್ಲಿ ನೀರು ತಂದುಕೊಂಡೆ. ಅವರು ಕರಗಲಿಲ್ಲ. ಕರಗಬಾರದೆಂದು ನಾನೇ ಬರೆದಿದ್ದೆನಲ್ಲ, ಎರಡು ಅಡಿಗೆರೆ ಸಮೇತ!

ಪ್ಲಾಸ್ಟರ್ ಬಿಚ್ಚಿತು. ಕಾಗೆಯ ಕೊಕ್ಕು ಹೊರಬಂತು.

"ಸಾರ್, ಇದು ಎಲೆಕ್ಷನ್ ಶಾಯಿಯಲ್ಲ. ಬರೀ ಸಿಲ್ವರ್ ನೈಟ್ರೇಟ್!"

ಅವರು ತಮ್ಮ ಮುಂದಿದ್ದ ಪುಟ್ಟ ಬಾಟಲಿಯನ್ನು ಎತ್ತಿ ತೋರಿಸಿದರು. "ಅದುದಾನಮ್ಮಾ ಇದು!" ಇದೂ ಅದೇ ಅಂತೆ. ಗುರುತು ಮೊದಲೇ ಇದ್ದವರಿಗೆ ವೋಟಿಲ್ಲ, ನಿಯಮ. ಹದಿನಾಲ್ಕು ವರ್ಷದ ವನವಾಸಕ್ಕೆ ಇನ್ನೊಂದು ಕಂತು.

ಮುನಿಶಾಮಿ ಬೆಂಚಿನಿಂದ ಬಗ್ಗಿ ನನ್ನ ಎಡಗೈಯನ್ನು ಗಂಭೀರವಾಗಿ ನೋಡಿದ. "ತಾಯಿ, ನಾನ್ ಯೋಳ್ಲಾ ಶಾಸ್ತ್ರ? ಓಟಿನ ಯೋಗ ಇಲ್ಲ. ಆದ್ರೆ ಆಯುಸ್ಸು ಗಟ್ಟಿ, ನೂರಾ ಅನ್ನೆರಡು!"

ಹತ್ತೊಂಬತ್ತು ದಿನ ಬೆರಳೆಣಿಕೆ ಮಾಡಿ ನಾನು ಹಿಡಿದ ಒಬ್ಬಳೇ ಒಬ್ಬ ಕಳ್ಳಿ ನಾನೇ. ಮತಿ ಕೆಟ್ಟು ಮತವೂ ಕೆಟ್ಟಿತ್ತು.

ಮನೆಗೆ ಬಂದರೆ ಅಡುಗೆಮನೆಯಿಂದ ಟಕ್ ಟಕ್ ಸದ್ದು. ಇಣುಕಿದೆ. ನಮ್ಮವರು ಈಳಿಗೆ ಮಣೆಯ ಮುಂದೆ ಕೂತು ನುಗ್ಗೆಕಾಯಿ ಹೆಚ್ಚುತ್ತಿದ್ದರು. ಶಾಯಿ ಮೆತ್ತಿದ ಬೆರಳು ಈಳಿಗೆಯಿಂದ ಕೂದಲೆಳೆಯಷ್ಟು ದೂರದಲ್ಲಿ ಓಡಾಡುತ್ತಿತ್ತು. ಒಲೆಯ ಮೇಲೆ ಬೇಳೆ.

"ರೀ... ಗಂಗರತ್ನಮ್ಮನ ಹುಳಿ?"

"ಅವರ ಹುಳಿ ನಾನ್ಯಾಕೆ ಮಾಡ್ಲಿ? ನಂದೇ. ಅಮ್ಮನ ಹತ್ರ ಕಲ್ತು ಬಂದೆ, ಮಾಲೂರಿಗೆ ಹೋಗಿ. ನೀನು ಊರಿನ ಬೆರಳೆಲ್ಲ ನೋಡ್ಕೊಂಡು ಬರೋ ಅಷ್ಟರಲ್ಲಿ ಇಲ್ಲೊಬ್ಬ ಉಪವಾಸ ಸಾಯ್ಬಾರ್ದಲ್ಲ. ಮೊದಲ್ನೇ ಗೆರೆ ಹುರುಳಿಕಾಯಿದು, ಎರಡ್ನೇದು ಸೀಮೆಬದನೆದು. ಮೂರ್ನೇದು ನೀನು ಎರಡು ಸಲ ಬಡಿಸ್ಕೊಂಡ್ಯಲ್ಲ, ಆ ಕುಂಬಳಕಾಯಿದು."

ನಾನು ಪಕ್ಕದಲ್ಲಿ ಕೂತೆ. "ಹೇಳ್ಬಾರ್ದಿತ್ತೇನ್ರೀ?"

"ಹೇಳ್ತಾರಾ? ಫ್ಯಾಕ್ಟರಿಲಿ ಟೆಂಪರರಿಯಿಂದ ಪರ್ಮನೆಂಟ್ ಆಗೋಕೆ ಆರು ವರ್ಷ ಹಿಡೀತು. ನೀನು ಒಂದೇ ದಿನದಲ್ಲಿ ಆರ್ಡರ್ ಕೊಟ್ಬಿಡ್ತಿದ್ದೆ!"

ನಾನು ತಲೆ ತಗ್ಗಿಸಿ ಎರಡು ಸಲ ಬಡಿಸಿಕೊಂಡು ಉಂಡೆ. ಎದ್ದು ಮೆಲ್ಲಗೆ ಹೊರಡುವಾಗ ಅವರು ಪಾತ್ರೆ ತುಂಬಿದ ಸಿಂಕಿನ ಕಡೆ ಬೆರಳು ತೋರಿಸಿದರು, ಅದೇ ಬೆರಳು.

"ಅಯ್ಯೋ, ನನ್ನ ಬೆರಳು ನೋಡ್ರೀ, ಹೀಗಾಗಿದೆ..."

"ಏನೂ ಆಗಲ್ಲ, ಧೈರ್ಯವಾಗಿ ತಿಕ್ಕು. ಪದ್ಮ ಎಲ್ಲಾ ಹೇಳಿದ್ಲು. ತೆಂಗಿನ ನಾರಿಗೆ ಅದು ಹೋಗಲ್ಲ ಅಂತ ನೀನೇ ಕಂಡುಹಿಡಿದಿದ್ದೀಯಲ್ಲ!"